ಬಿಳಿ ಜಾಗದ ತೂಕ

ಗೌಸಿಯಾ ಸಿಸ್ಟರ್ ಪೆನ್‌ಡ್ರೈವ್ ತಂದಾಗ
ನಾ ಶಟರ್ ಅರ್ಧ ಇಳಿಸಿದ್ದೆ.
'ಕಾಕಾ, ನಾಳೆ ಹನ್ನೊಂದಕ್ಕ ಜಿಲ್ಲಾ ಪಂಚಾಯ್ತಿ ಸಭಾ.
ಹತ್ತು ನಿಮಿಷ ಕೊಟ್ಟಾರ. ಸ್ಲೈಡ್ ನಾನಽ ಮಾಡೇನಿ,
ಸ್ವಲ್ಪ ಚಂದ ಮಾಡಿಕೊಡ್ರಿ.'

ತೆರೆದು ನೋಡಿದೆ. ಮೂವತ್ತೆಂಟು.
ಮೊದಲನೇದ್ರಾಗ ಗುಲಾಬಿ ಹೂವು, ಸುಸ್ವಾಗತ;
ಅಕ್ಷರ ಒಂದೊಂದಾಗಿ ಗಿರಕಿ ಹೊಡಕೋತ ಬಂದು ಕೂಡ್ತಿದ್ದು
ಮದಿವಿಗೆ ತಡಾ ಆಗಿ ಬಂದ ಬೀಗರ ಹಂಗ.
ಎರಡನೇದ್ರಾಗ ನೀಲಿ ನೆಲದ ಮ್ಯಾಲ ಕೆಂಪು ಅಕ್ಷರ,
ಇಪ್ಪತ್ತೆರಡು ಸಾಲು.
ಹತ್ತನೇದು ಕೋಷ್ಟಕ, ಔಷಧ ಬಾಟ್ಲಿ ಚೀಟಿಗಿಂತ ಸಣ್ಣ ಮೊಳೆ.
'ಇದನ್ನ ಯಾರು ಓದಬೇಕವ್ವಾ?'
'ನಾ ಓದತೇನ್ರಿ, ಗ್ವಾಡಿ ಕಡೆ ಹೊಳ್ಳಿ.'
'ಮತ್ತ ಅವರು?'
ಆಕಿ ಸುಮ್ಮನಾದ್ಲು.

ಗದಗದಾಗ ಮೊಳೆ ಜೋಡಿಸಿದಾಂವ ನಾ,
ಇಪ್ಪತ್ತೊಂದು ವರ್ಷ, ಸ್ಟೇಶನ್ ರಸ್ತೆದ ಪ್ರೆಸ್ಸಿನ್ಯಾಗ.
ಯಾವ ಮನಿಯೊಳಗ ಕ, ಯಾವ ಮನಿಯೊಳಗ ಒತ್ತು
ಇವತ್ತೂ ಬೆರಳಿಗೆ ಗೊತ್ತು.
ಆಗ ಶಬ್ದ ಶಬ್ದದ ನಡುವಿನ ಖಾಲಿನೂ ಸೀಸದ್ದಽ,
ಎರಕ ಹೊಯ್ದದ್ದು, ಎಣಿಸಿ ಇಡೋದು.
ಅರ್ಧ ಪುಟ ಬಿಳಿ ಬಿಡಬೇಕಂದ್ರ
ಅರ್ಧ ಪುಟದ ಭಾರ ಎತ್ತಬೇಕಿತ್ತು ಮಶೀನಿಗೆ.
ಮಾಲಕ ತುಳಜಾಸಾ ಬದ್ದಿ ಅಂತಿದ್ರು:
ಲಗ್ನಪತ್ರಿಕಿ ಓದೋದು ಬಿಳಿ ನೋಡಿ, ಕರಿ ನೋಡಿ ಅಲ್ಲೋ.
ಈಗ ಬಿಳಿ ಪುಕ್ಕಟೆ.
ಅದಕ್ಕಽ ಯಾರಿಗೂ ಬ್ಯಾಡ.

ತಗೀಲಿಕ್ಕೆ ಹತ್ತಿದೆ.
ಗುಲಾಬಿ ತಗದೆ, ಗಿರಕಿ ತಗದೆ,
ಇಲಾಖೆ ಬೆಳದು ಬಂದ ದಾರಿ ತಗದೆ, ಚಪ್ಪಾಳಿ ಸಪ್ಪಳ ತಗದೆ.
ಒಂದೊಂದಕ್ಕೂ 'ಇದೊಂದು ಇರಲ್ರಿ' ಅಂದ್ಲು
ಹಳೇ ಸೀರಿ ಭಾಂಡೆದಾಕಿಗೆ ಕೊಟ್ಟು
ಮತ್ತ ಸೆರಗು ಹಿಂದಕ್ಕ ಎಳಕೋತಾರಲ್ಲ, ಹಂಗ.

ಕಡೀಕೆ ಕೇಳಿದೆ:
'ಸಭಾ ಮುಗದು ಸಾಹೇಬ್ರು ಗಾಡಿ ಹತ್ತೋ ಮುಂದ
ಒಂದಽ ಮಾತು ನೆನಪಿರಬೇಕು. ಯಾವುದು?'
ಶಟರಿನ ಕೆಳಗ ಬೆಟಗೇರಿ ಬಸ್ಸಿನ ಬೆಳಕು ಹಾದು ಹೋತು.
'ನಲವತ್ತೇಳು ನಿಮಿಷ' ಅಂದ್ಲು.
'ಕಪ್ಪತಗುಡ್ಡದ ಆಚಿ ಮಗ್ಗಲಿಂದ ದೊಡ್ಡಾಸ್ಪತ್ರಿಗೆ.
ಊರಾಗ ಹೆರಿಗಿ ಕ್ವಾಣಿ ಐತಿ, ರಾತ್ರಿ ಕೀಲಿ.
ಗಾಡಿಯೊಳಗ ನಾ ಗಡಿಯಾರ ನೋಡಕೋತ ಕುಂತಿದ್ದೆ.
ಮೂವತ್ತೊಂದಕ್ಕ ಕೂಸು ಹುಟ್ಟಿತು, ಹಳ್ಳದ ಸೇತುವಿ ಮ್ಯಾಲ.
ಅಳಲಿಲ್ಲ ಕಾಕಾ.'

ಮೌಸ್ ಬಿಟ್ಟು ಕನ್ನಡಕ ಒರಿಸಿಕೊಂಡೆ.

ಆರು ಉಳದು.
ನಾಲ್ಕನೇದ್ರಾಗ ನಡುವ 47, ಅಷ್ಟಽ.
ಪೋಸ್ಟರಿಗೆ ಇಡತಿದ್ವಲ್ಲ, ಆ ಗಾತ್ರದ ಅಂಕಿ. ಸುತ್ತ ಬಿಳಿ.
ಐದನೇದು ಕೀಲಿ ಹಾಕಿದ ಬಾಗಿಲಾ.
'ನಲವತ್ತೇಳು ಬಂದ ಕೂಡ್ಲೆ ಮಾತಾಡಬ್ಯಾಡ, ಐದು ಎಣಿಸು.'
'ಐದೂ?'
'ಐದೂ. ಬಾಯಾಗೂ ಸೀಸ ಇಡಬೇಕವ್ವ.'

ಮರುದಿನ ಮಧ್ಯಾಹ್ನ ಫೋನು.
'ಅಕ್ಷರ ಒಂದೂ ಬರಲಿಲ್ಲ ಕಾಕಾ,
ಅಲ್ಲೆ ಕಂಪ್ಯೂಟರಿನ್ಯಾಗ ನುಡಿ ಇಲ್ಲಂತ.
ಎಲ್ಲಾ ಕೊಂಡಿ, ಬಾಲ, ಚೌಕ,
ಸಕ್ರಿ ಡಬ್ಬಿ ಉರುಳಿದಲ್ಲೆ ಇರುವಿ ಹರದಾಡಿದಂಗ.'
ಎದಿ ಧಸಕ್ಕಂತು.
ಮೊಳೆ ಇಲ್ಲೇ ಬಿಟ್ಟು ಬರೇ ಚೌಕಟ್ಟು ಕಳಿಸಿದ್ದೆ, ನಾ,
ಮೊಳೆ ಜೋಡಿಸಿದಾಂವ!
ಎದುರಿನ ಝೆರಾಕ್ಸ್ ಅಂಗಡಿ ಹುಡುಗ್ಗ ಗೊತ್ತಿತ್ತು,
ಅಕ್ಷರಾನೂ ಕಡತದ ಜೋಡಿ ಗಂಟು ಕಟ್ಟಬೇಕು,
ಇಲ್ಲಾಂದ್ರ ಚಿತ್ರ ಮಾಡಿ ಕಳಿಸಬೇಕಂತ.

'ಮತ್ತ?'
'ಅಂಕಿ ಬಂತ್ರಿ. 47 ಹಂಗಽ ನಿಂತಿತ್ತು.
ಎಣಿಸಿದೆ. ಒಂದು. ಎರಡು.
ಮೂರಕ್ಕ ಹಿಂದಿನ ಸಾಲಿನ್ಯಾಗ ಚಾದ ಕಪ್ಪಿನ ಸಪ್ಪಳ ನಿಂತಿತು.
ನಾಲ್ಕಕ್ಕ ಯಾರೋ ಕೇಳಿದ್ರು, ಏನದು ನಲವತ್ತೇಳು?'
'ಐದು ಎಣಿಸಿದ್ಯೋ ಇಲ್ಲೋ?'
'ಎಣಿಸಿದೆ. ಆಮ್ಯಾಲೆ ಬಾಗಿಲಾ ತೋರಿಸಿದೆ.
ಆರನೇದು ಬಾಯಿಲೆ ಹೇಳಿದೆ.'

ಕೀಲಿ ತಗೀತಾರೋ ಇಲ್ಲೋ ಆಕಿ ಹೇಳಲಿಲ್ಲ,
ನಾ ಕೇಳಲಿಲ್ಲ.
ರೊಕ್ಕ ಎಷ್ಟಂದ್ಲು,
ಆರಕ್ಕೋ, ಮೂವತ್ತೆಂಟಕ್ಕೋ?

ಬಿಲ್ ಪುಸ್ತಕದ ಮ್ಯಾಲಿನ ಸೀಸದ ತುಣುಕು ಎತ್ತಿದೆ,
ಹಳೇ ಪ್ರೆಸ್ಸಿನದು, ಮುಖ ಇಲ್ಲದ್ದು, ಎಂದೂ ಅಚ್ಚಾಗದ್ದು.
ಫ್ಯಾನಿನ ಗಾಳಿಗೆ ಹಾಳಿ ಎದ್ದು.
ಮತ್ತ ಅಲ್ಲೇ ಇಟ್ಟೆ.