ಉಪ್ಪು ಸುರಿಯುವವನ ಅರ್ಜಿ

ಡುಲೂತ್‌ನಲ್ಲಿ ರಾತ್ರಿ ಎರಡಕ್ಕೆ
ಕೆಮ್ಮುತ್ತ ಏಳುತ್ತದೆ ನನ್ನ ಲಾರಿ.
ಮುಂದೆ ಹಿಮ ಬಾಚುವ ಹನ್ನೊಂದಡಿ ಅಲಗು,
ಹಿಂದೆ ಅರ್ಧ ಉಪ್ಪು, ಅರ್ಧ ಮರಳು,
ನಡುವೆ ನಾನು, ಫ್ಲಾಸ್ಕಿನಲ್ಲಿ ನಿನ್ನೆಯ ಕಾಫಿ,
ಡ್ಯಾಶ್‌ಬೋರ್ಡಿನ ಮೇಲೆ ಹದಿನಾಲ್ಕು ಪುಟದ ಅರ್ಜಿ.
ಸಿಗ್ನಲ್ ಕೆಂಪಾದಾಗಲೆಲ್ಲ ಒಂದು ಸಾಲು ತುಂಬುತ್ತೇನೆ.

ಅರ್ಜಿದಾರ: ಲೇನ್ ಕೊಸ್ಕೆಲಾ.
ಪ್ರತಿವಾದಿ: ಮರೀಸ್ ಟಫ್ಟ್.
ಹತ್ತು ವರ್ಷ ಒಂದೇ ಟೂತ್‌ಪೇಸ್ಟು ಹಿಂಡಿದವರು,
ಅವಳು ನಡುವಿಂದ, ನಾನು ಬುಡದಿಂದ.
ಈಗ ಎರಡು ಹೆಸರಿನ ಮಧ್ಯೆ
ದಪ್ಪಕ್ಷರದಲ್ಲಿ ಅಚ್ಚಾಗಿದೆ 'ವಿರುದ್ಧ'.

ಓಪಲ್ ಹುಟ್ಟಿದ ಮಧ್ಯಾಹ್ನ
ಆಸ್ಪತ್ರೆಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದ್ದೆ,
ಈ ಮಗುವಿನ ತಂದೆ ನಾನೇ ಎಂದು.
ಪೆನ್ನು ಮರೀಸಳ ಅಮ್ಮನದು. ಕೈ ನಡುಗಿ
ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತ್ತು.
ಸಾಕು ಅಂದುಕೊಂಡಿದ್ದೆ ಆರು ವರ್ಷ.

ಸಾಲದಂತೆ. ಗಾಜಿನ ಆಚೆಯ ಗುಮಾಸ್ತೆ ಹೇಳಿದಳು,
'ಅದು ಖರ್ಚು ಕೊಡುವ ತಂದೆಯ ಕಾಗದ.
ಕರೆದುಕೊಂಡು ಹೋಗುವ ತಂದೆಗೆ ನ್ಯಾಯಾಧೀಶರ ಆದೇಶ ಬೇಕು.'
ಮದುವೆಯಾಗಿದ್ದರೆ?
'ಆಗಿದ್ದರೆ ಆ ಪಕ್ಕದ ಸಾಲು.'

ಯಾಕೆ ಆಗಲಿಲ್ಲ?
ಒಂದು ವರ್ಷ ಛಾವಣಿ ಸೋರಿತು,
ಮರುವರ್ಷ ಅವಳಪ್ಪ ತೀರಿಕೊಂಡ,
ಆಮೇಲೆ ಅದೊಂದು ನಗೆಮಾತಾಯಿತು,
ಆಮೇಲೆ ನಗೆಯೂ ನಿಂತಿತು.

ಪುಟ ಆರು. 'ಮಗುವಿನ ದಿನನಿತ್ಯದ ಆರೈಕೆಯಲ್ಲಿ ನಿಮ್ಮ ಪಾತ್ರ.'
ಮೂರು ಗೆರೆ ಜಾಗ.
ಜಡೆ ಹೆಣೆಯುತ್ತೇನೆ. ಮೂರೆಳೆ ಮಾತ್ರ, ನಾಲ್ಕೆಳೆ ಬರುವುದಿಲ್ಲ.
ವಾಲ್‌ನಟ್ ತಿಂದರೆ ತುಟಿ ಊದುತ್ತದೆ, ಗೊತ್ತು.
ದಂತವೈದ್ಯರ ಹೆಸರು:
ಇಲ್ಲಿ ಪೆನ್ನು ನಿಲ್ಲುತ್ತದೆ. ಹಸಿರು ದೀಪ ಬಂದರೂ ನಿಂತೇ ಇರುತ್ತದೆ.

ಪುಟ ಹನ್ನೊಂದು ಇನ್ನೂ ಕಷ್ಟ.
ಕಳೆದ ಮಾರ್ಚಿನಲ್ಲಿ ಒಂದು ರಾತ್ರಿ ಕುಡಿದು ಬಂದು
ಗ್ಯಾರೇಜಿನ ಬಾಗಿಲು ಒದ್ದಿದ್ದೆ. ಮಗಳು ಎದ್ದಿದ್ದಳು.
ಉಪ್ಪು ತಿಂದವನು ನೀರು ಕುಡಿಯಬೇಕು.
'ಹೌದು' ಚೌಕಕ್ಕೆ ಗುರುತು ಹಾಕಿದೆ,
ಕಾಗದ ತೂತಾಗುವಷ್ಟು ಒತ್ತಿ.

ಅವಳಿಗೆ ಜ್ವರ ಎಂದು ಯಾರೋ ಹೇಳಿ
ಕಳೆದ ವಾರ ಶಾಲೆಗೆ ಓಡಿದ್ದೆ.
'ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ' ಎಂದರು, ಮರ್ಯಾದೆಯಿಂದಲೇ.
ಆ ಬೆಳಿಗ್ಗೆ ಐದಕ್ಕೆ ಆ ಗೇಟಿನ ತನಕ
ಹಿಮ ಬಾಚಿದವನು ನಾನು. ಹೇಳಲಿಲ್ಲ.
ಬೆಂಚಿನ ಕೆಳಗೆ ಕೆಂಪು ಬೂಟು ಕಂಡಿತು, ಎಡ ಬಲಕ್ಕೆ, ಬಲ ಎಡಕ್ಕೆ.

ಅರ್ಜಿಯ ತಲೆಬರಹದ ಪದ ನನಗೆ ಹಿಡಿಸಿಲ್ಲ.
ಕಳ್ಳಮಾಲನ್ನು ವಶಕ್ಕೆ ತೆಗೆದುಕೊಳ್ಳುತ್ತಾರೆ, ಬಿಟ್ಟುಹೋದ ಕಾರನ್ನು.
ನಾನು ಕೇಳುತ್ತಿರುವುದು ಬುಧವಾರ.
ಬುಧವಾರ, ವಾರ ಬಿಟ್ಟು ವಾರ ಒಂದು ಶನಿವಾರ,
ಹಲ್ಲು ಬಿದ್ದರೆ ಒಂದು ಫೋನು.

ನಾಲ್ಕು ನಲವತ್ತು. ಅವರ ಬೀದಿ.
ಯಾರ ಮನೆ ಮುಂದೂ ಅಲಗು ಎತ್ತಕೂಡದು, ಇಲಾಖೆಯ ನಿಯಮ.
ಎತ್ತಲಿಲ್ಲ. ಮೊಣಕಾಲೆತ್ತರದ ಹಿಮದ ಬದು
ಮರೀಸಳ ಗೇಟಿಗೂ ಬಿತ್ತು, ಎಲ್ಲರದಕ್ಕೆ ಬಿದ್ದಂತೆ.
ಕನ್ನಡಿಯಲ್ಲಿ ನೋಡುತ್ತೇನೆ:
ರಾತ್ರಿಯಂಗಿಯ ಮೇಲೆ ನನ್ನದೇ ಹಳೆಯ ಕೋಟು,
ಕೈಯಲ್ಲಿ ಸಲಿಕೆ. ಅದನ್ನೊಮ್ಮೆ ಮೇಲೆತ್ತಿದಳು.
ಬೈದಳೋ, ಗುರುತು ಹಿಡಿದಳೋ,
ಇಷ್ಟು ದೂರದಿಂದ ಎರಡೂ ಒಂದೇ ಥರ.

ಚಳಿ ಮೈನಸ್ ಇಪ್ಪತ್ತೆರಡು.
ಇಷ್ಟು ಚಳಿಯಲ್ಲಿ ಉಪ್ಪು ಸೋಲುತ್ತದೆ,
ಹಿಮಗಡ್ಡೆಯ ಮೇಲೆ ಸುಮ್ಮನೆ ಕೂರುತ್ತದೆ.
ಮರಳಿನ ಗುಂಡಿ ಒತ್ತಿದೆ.
ಮರಳು ಏನನ್ನೂ ಕರಗಿಸುವುದಿಲ್ಲ.
ತಿರುವಿನ ಬಸ್‌ಸ್ಟಾಪಿನಲ್ಲಿ ಲಾರಿ ನಿಧಾನ ಮಾಡಿ
ಎರಡು ಸಲ ಸುರಿದೆ,
ಎಡ ಬಲ ತಪ್ಪಿದ ಬೂಟಿಗೂ
ಹಿಡಿತ ಸಿಗುವಷ್ಟು.