ತಲೆಬುಡವಿಲ್ಲದ ತಂತಿ

ಏಪ್ರಿಲ್ ಮೊದಲ ವಾರ. ಹಿಯುಮಾ ದ್ವೀಪದ ದಂಡೆಯಲ್ಲಿ
ಹಿಮ ಇನ್ನೂ ಜೊಂಡಿನ ಬುಡ ಬಿಟ್ಟಿಲ್ಲ.
ಮರದ ತೊಲೆಗಳ ಮೇಲೆ ನನ್ನ ದೋಣಿ
ಹೊಟ್ಟೆ ಒಣಗಿಸಿಕೊಳ್ಳುತ್ತ ಕೂತಿದೆ.

ತುಂಬಿಟ್ಟ ಬ್ಯಾಟರಿ ಮೂರೇ ದಿನಕ್ಕೆ ಸಾಯುತ್ತದೆ.
ಎಲ್ಲ ಸ್ವಿಚ್ಚು ಆರಿಸಿದರೂ
ಯಾರೋ ಒಳಗೆ ಕೂತು
ಗುಟುಕು ಗುಟುಕಾಗಿ ಕುಡಿಯುತ್ತಿದ್ದಾರೆ.

ಫಲಕದ ನಾಲ್ಕು ತಿರುಪು ಬಿಚ್ಚಿದೆ.
ಒಳಗೆ
ವರ್ಷಗಟ್ಟಲೆ ಬಾಚದ ತಲೆ.

ಎಂಡೆಲ್ ಕಟ್ಟಿದ್ದು ಇದನ್ನು, ಎಪ್ಪತ್ತೊಂಬತ್ತರಲ್ಲಿ,
ಮೀನುಗಾರರ ಸಂಘದ ಕೊಟ್ಟಿಗೆಯಲ್ಲಿ.
ಕೆಂಪು ಧನ, ಕಪ್ಪು ಋಣ ಎಂಬುದೆಲ್ಲ ಪುಸ್ತಕದ ಮಾತು;
ಆ ತಿಂಗಳು ಯಾವ ಬಣ್ಣದ ಸುರುಳಿ ಬಂತೋ
ಅದೇ ಧನ, ಅದೇ ಋಣ.
ದೀಪಕ್ಕೂ ಹಳದಿ, ಪಂಪಿಗೂ ಹಳದಿ.
ಹಳದಿ ಮುಗಿದಾಗ ಟ್ರ್ಯಾಕ್ಟರಿನಿಂದ ಕಿತ್ತ ಕಂದು,
ಅದೂ ಮುಗಿದಾಗ ಟೆಲಿಫೋನಿನ ಎಳೆ.
ಯಾರ ಮನೆಯದು ಅಂತ ನನ್ನನ್ನು ಕೇಳಬೇಡಿ,
ಇಪ್ಪತ್ತೆರಡು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತು
ದನಿಗೆ ದನಿ ಜೋಡಿಸಿದವಳು ನಾನು;
ತಂತಿ ಎಂದರೆ ಎರಡು ತುದಿ ಎಂದು ನಂಬಿದವಳು.

ಪಕ್ಕದ ಮನೆಯ ತಾವೆತ್ ಮೂತಿಯ ಸಂದಿಗೆ ತೂರಿದ್ದಾನೆ.
ಹನ್ನೊಂದು ವರ್ಷ. ಅಲ್ಲಿ ಹಿಡಿಸುವುದು ಅವನೊಬ್ಬನೇ.
ಮೀಟರಿನ ಒಂದು ಕಡ್ಡಿ ಅವನ ಕೈಲಿ,
ಇನ್ನೊಂದು ನನ್ನ ಕೈಲಿ.
"ಇದಾ?"
ಸದ್ದಿಲ್ಲ.
"ಇದಾ?"
ಇಲ್ಲ.
"ಇದಾ, ಲೆಂಬಿ ಅತ್ತೆ?"
ಕುಂಯ್!
ಅಷ್ಟು ಸಣ್ಣ ದನಿಗೆ ಇಬ್ಬರೂ ನಗುತ್ತೇವೆ,
ಹಿಟ್ಟಿನ ಡಬ್ಬದಲ್ಲಿ ಕಾಸು ಸಿಕ್ಕವರ ಹಾಗೆ.

ಟೇಪಿನ ಚೂರಿಗೆ ಹೆಸರು ಬರೆದು ಸುತ್ತುತ್ತೇನೆ.
ಪಂಪು. ದಿಕ್ಸೂಚಿಯ ದೀಪ.
ಕೊಂಬು (ನಾನು ಕೊಂಡಾಗಿನಿಂದ ಮೂಗ).
ಮತ್ತೆ ಪಂಪು; ಯಾಕೆ ಎರಡು ಸಲ, ಎಂಡೆಲ್ಲನೇ ಬಲ್ಲ.
ಬಲ್ಲವನು ಗೋರಿಯಲ್ಲಿದ್ದಾನೆ.

ಉಳಿದದ್ದು ಒಂದು ಕಂದು.
ಸ್ವಿಚ್ಚಿನ ಕಡೆ ಸುಳಿಯದೆ ನೇರ ಬ್ಯಾಟರಿಯಿಂದ ಹೊರಟು
ಎಂಜಿನ್ನಿನ ಬಗಲಲ್ಲಿ, ನೆಲಹಲಗೆಯ ಕೆಳಗೆ,
ಜಿಡ್ಡು ನೀರಿಗೆ ತಾಗದ ಹಾಗೆ ಎತ್ತರದಲ್ಲಿ.
ಬೇರೆಲ್ಲ ಕಡೆ ಹೊಸೆದು ಬಿಟ್ಟ ಕೈ
ಇಲ್ಲಿ ಬೆಸುಗೆ ಹಾಕಿದೆ.
ಪಕ್ಕೆಲುಬಿನ ತೂತು ದಾಟುವಲ್ಲಿ
ಉಜ್ಜಿ ಸವೆಯದಿರಲೆಂದು ತೊಗಲಿನ ಅಂಗಿ.

ಇಷ್ಟು ಮುತುವರ್ಜಿ ಯಾರ ಸಲುವಾಗಿ?

"ಅತ್ತೆ," ಒಳಗಿನಿಂದ ತಾವೆತ್,
"ಇಲ್ಲಿ ಹಲಗೆ ಬೆಚ್ಚಗಿದೆ."
"ಯಾವಾಗಿನಿಂದ?"
"ಬೆಳಗಿನಿಂದ."
"ಹೇಳಬಾರದಾ?"
"ನೀವು ಕೇಳಲಿಲ್ಲ."

ಹಲಗೆ ಎತ್ತಿದರೆ ತಗಡು, ತಗಡಿನ ಮೇಲೆ ಅಭ್ರಕ,
ಅಭ್ರಕದ ಮೇಲೆ ಹಾವಿನಂತೆ ಮಲಗಿದ ಬೂದು ಸುರುಳಿ.
ಸಂದಿನಲ್ಲಿ ಬಿಳಿ ಕೂದಲು, ಗಿಡ್ಡ, ಒರಟು.
ಮನುಷ್ಯರದಲ್ಲ.

ಸಾಲ್ಮೆಗೆ ಫೋನು ಮಾಡಿದೆ.
"ಪೊಂಟುವಿನದು," ಎಂದಳು,
"ಅದಕ್ಕೆ ಸೊಂಟ ಹಿಡಿದಿತ್ತು. ಆದರೂ
ಎಂಡೆಲ್ ದೋಣಿ ಹತ್ತಿದರೆ ತಾನೂ ಹತ್ತಬೇಕು."
ಸ್ವಿಚ್ಚು ಯಾಕಿಲ್ಲ ಎಂದರೆ
"ನಾಯಿ ಸ್ವಿಚ್ಚು ಒತ್ತುತ್ತದಾ?"
ಆಮೇಲೆ ಏನು ಸುರುಳಿ, ಎಂಥ ಸುರುಳಿ ಎಂದು ಕೆದಕಿ ಕೆದಕಿ ಕೇಳಿ,
ತುಸು ಹೊತ್ತು ಸುಮ್ಮನಿದ್ದು,
"ನನ್ನ ಇಸ್ತ್ರಿಪೆಟ್ಟಿಗೆ!" ಎಂದು ಕೂಗಿದಳು.
"ಕೆಲಸದವಳ ಮೇಲೆ ಅನುಮಾನ ಪಟ್ಟೆನಲ್ಲೇ,
ಮೂವತ್ತು ವರ್ಷ!"

ಕಾಲುಭಾಗ ಮಾತ್ರ ಇಲ್ಲಿದೆ ಎಂದು
ನಾನು ಹೇಳಲಿಲ್ಲ.

ಕಂದಿಗೆ ಒಂದು ಸ್ವಿಚ್ಚು ಕೊಟ್ಟೆ, ಟೇಪು ಸುತ್ತಿದೆ: ಪೊಂಟು.
ಇನ್ನೊಂದು ಹಸಿರು ಇದೆ. ಫಲಕದ ಹಿಂದೆ ಮೂಡಿ
ಎಡಬದಿಯ ಹಲಗೆಯೊಳಗೆ ಮುಳುಗಿ
ಮತ್ತೆಲ್ಲೂ ಏಳುವುದಿಲ್ಲ.
ಯಾವ ತುದಿಗೆ ಮುಟ್ಟಿಸಿದರೂ ಮೀಟರು ಬಾಯಿ ಬಿಡದು.
ಸಿಕ್ಕು ಬಿಡಿಸುವವಳಿಗೂ ಒಂದು ಕಡೆ ಬಾಚಣಿಗೆ ಇಡಬೇಕು.
ಟೇಪಿನ ಕೊನೆಯ ಚೂರಲ್ಲಿ ಬರೆದೆ:
ಗೊತ್ತಿಲ್ಲ. ಕತ್ತರಿಸಬೇಡಿ.

ಕತ್ತಲಾಗುತ್ತಿದೆ. ಸಮುದ್ರದ ಕಡೆಯಿಂದ ಚಳಿಗಾಳಿ.
ಪೊಂಟುವನ್ನು ಆರಿಸಲು ಬೆರಳು ಚಾಚಿದರೆ
ಮೂತಿಯ ಸಂದಿಯಿಂದ ನಿದ್ದೆಗಣ್ಣಿನ ದನಿ:
"ಇನ್ನೊಂದೈದು ನಿಮಿಷ."