ಆಳ ಬರಲಿಲ್ಲ

ಕಡತ ತೆರೆದೆ. ಪರದೆಯ ಮೇಲೆ ಏನೂ ಇಲ್ಲ.
ಹಿಂದೆ ಸರಿದೆ, ಇನ್ನೂ ಹಿಂದೆ, ಇನ್ನೂ,
ಆಗ ಕಂಡಿತು:
ಮೊಳದುದ್ದ ಇರಬೇಕಾದ ಫಲಕ
ಬಸ್ಸಿನುದ್ದ ಮೈಚಾಚಿ ಬಿದ್ದಿದೆ.
ಮಿಲಿಮೀಟರನ್ನು ಇಂಚೆಂದು ಓದಿಕೊಂಡ ತಂತ್ರಾಂಶ
ಪರದೇಶದ ನಾಣ್ಯಕ್ಕೆ
ಬಾಯಿಗೆ ಬಂದ ಬೆಲೆ ಕಟ್ಟುವ ಅಂಗಡಿಯವನ ಹಾಗೆ.

ಇಪ್ಪತ್ತೈದರಿಂದ, ಮತ್ತೊಂದಿಷ್ಟು ಚಿಲ್ಲರೆಯಿಂದ ಭಾಗಿಸಿದೆ.
ಬಸ್ಸು ಕುಗ್ಗಿ ಹಲಗೆಯಾಯಿತು.

ಪುಂತಾ ಅರೇನಾಸ್, ಜುಲೈ ತಿಂಗಳು.
ಬೆಳಗಿನ ಒಂಬತ್ತೂವರೆ, ಹೊರಗಿನ್ನೂ ಕತ್ತಲೆ.
ಗಾಳಿ ನಮ್ಮ ತಗಡಿನ ಮಾಡನ್ನು ಎತ್ತೆತ್ತಿ ನೋಡುತ್ತಿದೆ,
ಅಡಿಯಲ್ಲಿ ಯಾರು ಬದುಕಿದ್ದಾರೆಂದು.
ಜಲಸಂಧಿ ದಾಟುವ ಹಳೆಯ ದೋಣಿಗೆ
ಚುಕ್ಕಾಣಿಕೋಣೆಯ ಹೊಸ ಫಲಕ ಬೇಕಂತೆ, ಶುಕ್ರವಾರಕ್ಕೆ.
ಹಳೆಯದನ್ನು ಉಪ್ಪು ತಿಂದಿದೆ.

‘ಸೆನ್ಯಾಲ್’ ಎಂದು ಬರೆದಲ್ಲಿ
ಒಂದಕ್ಷರ ಉದುರಿ ಖಾಲಿ ಚೌಕ.
ನಮ್ಮ ನ್ಯಕಾರದ ತಲೆಯ ಮೇಲೆ ಒಂದು ಪುಟ್ಟ ಅಲೆಯಿರುತ್ತದೆ,
ಬರುವ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ.
ಹಡಗಿನ ಫಲಕದಲ್ಲಿ ಅಲೆಯೇ ಇಲ್ಲದಿದ್ದರೆ!
ಕೈಯಾರೆ ಏರಿಸಿದೆ.

ದಿಕ್ಸೂಚಿಯ ಕಿಂಡಿ ಕೊರೆಯಲಾರೆ ಎಂದಿತು ಪ್ರೋಗ್ರಾಮು:
ಆಕಾರ ಮುಚ್ಚಿಲ್ಲ.
ದೊಡ್ಡದು ಮಾಡಿದೆ, ಮತ್ತೂ ದೊಡ್ಡದು.
ಕೂದಲೆಳೆಯ ಹತ್ತರಲ್ಲೊಂದು ಪಾಲು ಸಂದು,
ಮಾತು ಬಿಟ್ಟ ಓರಗಿತ್ತಿಯರ ಹಾಗೆ
ಮುಟ್ಟಿಯೂ ಮುಟ್ಟದೆ ನಿಂತ ಎರಡು ಗೆರೆ.
ಒಬ್ಬಳ ಕೈ ಹಿಡಿದೆಳೆದು ಇನ್ನೊಬ್ಬಳ ಕೈಗಿಟ್ಟೆ.

ಆಮೇಲೆ ಆ ಪದರ.
ಹೆಸರು ‘ಮುಟ್ಟಬೇಡ’.
ಅದರೊಳಗೆ ಒಂದೇ ಒಂದು ವೃತ್ತ,
ಬೆಂಕಿಯ ಎಚ್ಚರಿಕೆಗುಂಡಿಯ ಎಡಕ್ಕೆ, ಎಂಟು ಮಿಲಿಮೀಟರು.
ಹೆಸರಿಲ್ಲ, ಟಿಪ್ಪಣಿಯಿಲ್ಲ.
ಇದು ಆಚೆಗೆ ಹೋಗುವ ತೂತೋ, ನಡುವೆ ನಿಲ್ಲುವ ಕುಳಿಯೋ?
ಪ್ರತಿ ಆಕಾರಕ್ಕೂ ತಂತ್ರಾಂಶ ಕೇಳುತ್ತದೆ: ಆಳ?
ನಕ್ಷೆ ಚಪ್ಪಟೆ. ಅಗಲ ತಂದಿದೆ, ಉದ್ದ ತಂದಿದೆ,
ಆಳವನ್ನು ಅಲ್ಲೇ ಬಿಟ್ಟು ಬಂದಿದೆ.

ದೋಣಿ ಕಂಪನಿಯ ಹೊಸ ಎಂಜಿನಿಯರು ಹೇಳಿದ,
‘ಏನೋ ಕಸ ಇರಬೇಕು ಯಾಸ್ನಾ, ಅಳಿಸಿಬಿಡಿ.’

ಬೆರಳು ಅಳಿಸುವ ಕೀಲಿಯ ಮೇಲೇ ಇತ್ತು.
ನಕ್ಷೆಯ ಮೂಲೆಯಲ್ಲಿ ಸಣ್ಣಕ್ಷರದ ಹೆಸರು: ಎಲೆಉತೇರಿಯೊ ಮನ್ಸಿಯಾ.
ಆಚೆ ದಡದ ಪೊರ್ವೆನೀರಿನಲ್ಲಿದ್ದಾನೆ, ಇನ್ನೂ.
ಕೋಳಿಗೂಡಿಗೆ ಮೊಳೆ ಹೊಡೆಯುತ್ತಿದ್ದವನನ್ನು
ಹೆಂಡತಿ ಕೂಗಿ ಕರೆದಳು.

‘ತೂತಲ್ಲ ಮಗಳೇ. ಗುಂಡಿ.
ಒತ್ತುವ ಗುಂಡಿಯಲ್ಲ,
ಒತ್ತುವ ಗುಂಡಿಗೆ ದಾರಿ ತೋರುವ ಗುಂಡಿ.
ದೀಪ ಹೋಗಿ ಹೊಗೆ ತುಂಬಿದರೆ ಕಣ್ಣು ಯಾತಕ್ಕೆ?
ಹೆಬ್ಬೆಟ್ಟು ಅಲ್ಲಿ ಕೂತಿತೋ,
ತೋರುಬೆರಳು ತಾನಾಗಿ ಹೋಗಿ ಬೀಳುತ್ತೆ ಎಲ್ಲಿ ಬೀಳಬೇಕೋ ಅಲ್ಲಿ.’
ಎಷ್ಟು ಆಳ?
‘ಬರೆದಿಲ್ಲವಾ? ಯಾಕೆ ಬರೆಯಲಿ,
ಡ್ರಿಲ್ಲು ಹಿಡಿಯುತ್ತಿದ್ದವನೂ ನಾನೇ ಅಲ್ಲವಾ.
ಕೈಗವಸಿಗೂ ಗೊತ್ತಾಗಬೇಕು, ಅಷ್ಟು—’
ಗಾಳಿಗೆ ಮಾತು ಕತ್ತರಿಸಿತು.

ಅಲ್ಯೂಮಿನಿಯಂ ಚೂರೊಂದರಲ್ಲಿ ಮೂರು ಕುಳಿ ಕೊರೆಸಿದೆ.
ಉಣ್ಣೆಯ ಕೈಗವಸು ತೊಟ್ಟೆ. ದೀಪ ಆರಿಸಿದೆ.
ಅರ್ಧ ಮಿಲಿಮೀಟರು: ಏನೂ ಇಲ್ಲ.
ಮುಕ್ಕಾಲು: ಇದೆಯೋ ಇಲ್ಲವೋ ಎಂಬ ಗುಮಾನಿ.
ಒಂದೂಕಾಲು:
ಹೆಬ್ಬೆಟ್ಟು ಗಕ್ಕನೆ ನಿಂತಿತು,
ಕತ್ತಲಲ್ಲಿ ಯಾರೋ ಹೆಸರು ಹಿಡಿದು ಕರೆದ ಹಾಗೆ.

ಆಳದ ಖಾನೆಯಲ್ಲಿ ಅಂಕಿ ತುಂಬಿದೆ.
ಪದರದ ಹೆಸರು ಅಳಿಸಿ ‘ಮುಟ್ಟು’ ಎಂದು ಬರೆದೆ.
ಯಂತ್ರಕ್ಕೆ ಹಿಡಿದದ್ದು ಇಪ್ಪತ್ತು ಸೆಕೆಂಡು.

ಬಿಲ್ಲಿನಲ್ಲಿ ಅದನ್ನು ಏನೆಂದು ಕರೆಯುವುದೋ ತಿಳಿಯದೆ
ಬಹಳ ಹೊತ್ತು ಕೂತಿದ್ದೆ, ಒಂದು ಕೈಗೆ ಇನ್ನೂ ಗವಸು.
ಕೊನೆಗೆ ‘ಇತರೆ’ ಎಂದು ಬರೆದು ಕಳಿಸಿದೆ.